ಕಲಬುರಗಿಯ ಕಬ್ಬಿಣದ ಹಾದಿಯೂ ಕಮಲಾಪುರದ ಸುರಂಗವೂ

ಬಹಮನೀ ಸುಲ್ತಾನರು ಕ್ರಿ. ಶ. ೧೩೪೭ರಲ್ಲಿ ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡರೆಂಬುದೂ, ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಅಹಮದ್ ಶಾಹನು ಅದನ್ನು ಬೀದರಿಗೆ ಸಾಗಿಸಿದನೆಂಬುದೂ ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ವಿದಿತವಾದ ಸಂಗತಿ. ಒಂದು ರಾಜ್ಯದ ಆಡಳಿತವೇ ಒಂದು ಊರನ್ನು ಬಿಟ್ಟು ಇನ್ನೊಂದಕ್ಕೆ ಸಾಗಿಹೋಗಲು ಅಡ್ಡಿಯಾಗದ ಈ ನೆಲದಲ್ಲಿ, ಆ ಎರಡು ನಗರಗಳನ್ನು ನೇರವಾಗಿ ಕೂಡಿಸುವ ರೈಲುಮಾರ್ಗವು ತೆರೆದುದು ಕ್ರಿ. ಶ. ೨೦೧೭ರಲ್ಲಿ. ಕಲಬುರಗಿಯಾದರೋ ೧೮೭೧ರ ವೇಳೆಗೆ ಮುಂಬಯಿಗೂ ಮದರಾಸಿಗೂ ಏಕಕಾಲದಲ್ಲಿ ಕೂಡಿಕೊಂಡಿದ್ದಿತು. ಸಾವಿರ ಕಿಲೋಮೀಟರುಗಳಿಗೂ ಮೀರಿದ ದೂರದ ಎರಡು ಸಮುದ್ರತೀರಗಳು ಸಮೀಪಕ್ಕೆ ಬಂದವು. ೧೧೦ ಕಿಲೋಮೀಟರು ದೂರದ ನೆರೆಯ ರಾಜಧಾನಿಯು ಮತ್ತೂ ೧೪೬ ವರ್ಷಗಳ ಕಾಲ ದೂರವೇ ಉಳಿಯಿತು. ಈ ವಿಳಂಬಕ್ಕೆ ನೆಲದ ಕಾಠಿಣ್ಯವೇ ಕಾರಣವೆಂದು ಹೇಳುವುದು ಸುಲಭ. ಆ ಮಾತು ಎಷ್ಟರ ಮಟ್ಟಿಗೆ ನಿಲ್ಲತಕ್ಕದ್ದೆಂಬುದೇ ಇಲ್ಲಿ ವಿಚಾರಣೀಯ.

ಮೊದಲನೆಯ ಮಾರ್ಗದ ವೃತ್ತಾಂತವನ್ನು ನೋಡಬೇಕು. ೧೮೫೩ನೆಯ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಠಾಣೆಗೆ ಗಾಡಿಯನ್ನೋಡಿಸಿದ ಗ್ರೇಟ್ ಇಂಡಿಯನ್ ಪೆನಿನ್‌ಸುಲಾ ಕಂಪನಿಯು ಆಗ್ನೇಯ ದಿಕ್ಕಿಗೆ ಹಾಕಬೇಕೆಂದಿದ್ದ ತನ್ನ ಶಾಖೆಗೆ ಸಹ್ಯಾದ್ರಿಯೇ ಮೊದಲ ಅಡ್ಡಿಯಾಗಿದ್ದಿತು. ಕಂಪನಿಯ ಮುಖ್ಯ ಎಂಜಿನಿಯರನಾದ ಜೇಮ್ಸ್ ಬರ್ಕ್ಲೆಯು ಭೋರ್ ಘಾಟದ ಏರನ್ನು ರಚಿಸಿದನು. ೧೮೫೬ರಲ್ಲಿ ತೊಡಗಿದ ಕೆಲಸವು ೧೮೬೩ರ ಏಪ್ರಿಲಿನಲ್ಲಿ ಮುಗಿಯಿತು. ಸುಮಾರು ಹದಿನಾರು ಮೈಲಿಗಳಲ್ಲಿ ೧೮೩೧ ಅಡಿಗಳಷ್ಟು ಮೇಲೇರುವ ಆ ಮಾರ್ಗದಲ್ಲಿ ೨೫ ಸುರಂಗಗಳಿದ್ದುವು. ಅತ್ಯಂತ ಕಡಿದಾದೆಡೆಯಲ್ಲಿ ೩೭ ಅಡಿ ಮುಂದೆ ಸಾಗಿದರೆ ಒಂದಡಿ ಮೇಲೇರಬೇಕಾಗಿದ್ದಿತು. ಗುತ್ತಿಗೆದಾರನಾಗಿದ್ದ ಸಾಲೊಮನ್ ಟ್ರೆಡ್‌ವೆಲ್ಲನು ೧೮೫೯ರಲ್ಲಿ ತೀರಿಕೊಳ್ಳಲು, ಅವನ ಪತ್ನಿ ಆಲಿಸಳು ಗುತ್ತಿಗೆಯ ಹೊಣೆಯನ್ನು ಹೊತ್ತು ನಡೆಸಿದಳು. ವಿಷೂಚಿ ಮುಂತಾದ ರೋಗಗಳಿಂದಲೂ ಸಿಡಿಮದ್ದಿನಿಂದಲೂ ಮಡಿದ ಸಾವಿರಾರು ಕೂಲಿಕಾರರ ಹೆಸರುಗಳು ಯಾವ ಫಲಕದ ಮೇಲೆಯೂ ಇಲ್ಲ.

ಘಟ್ಟದ ಕೆಲಸ ನಡೆಯುತ್ತಿದ್ದಾಗಲೇ ಮೇಲಣ ಬಯಲಿನಲ್ಲಿ ಹಳಿಗಳು ಮುಂದುವರಿದು ೧೮೬೦ರಲ್ಲಿ ಸೊಲ್ಲಾಪುರವನ್ನು ಮುಟ್ಟಿದ್ದುವು. ಅಲ್ಲಿಂದ ಅಕ್ಕಲಕೋಟೆ, ದುಧನಿ, ಗಾಣಗಾಪುರಗಳ ಕಡೆಯಿಂದ ಕಲಬುರಗಿಗೂ, ಮುಂದೆ ಶಹಾಬಾದು, ವಾಡಿ, ಯಾದಗಿರಿಗಳ ಮೇಲೆ ಹಾದು ಕೃಷ್ಣೆಯನ್ನು ದಾಟಿ ೧೮೭೧ರಲ್ಲಿ ರಾಯಚೂರಿಗೂ ಬಂದು, ಆ ಕಡೆಯಿಂದ ಬಂದ ಮದರಾಸು ರೈಲ್ವೆಯೊಡನೆ ಸೇರಿದುವು. ಭೂಪಟದಲ್ಲಿ ಈ ಗೆರೆಯ ಗತಿಯನ್ನು ಗಮನಿಸತಕ್ಕದ್ದು. ಅದು ಭೀಮಾ ನದಿಯ ಬಯಲನ್ನು ಹಿಡಿದು, ಬೀದರಿನ ಪ್ರಸ್ಥಭೂಮಿಯನ್ನು ಎಡಗಡೆಗೆ ಬಿಟ್ಟು, ವಾಯವ್ಯದಿಂದ ಆಗ್ನೇಯಕ್ಕೆ ಹೆಚ್ಚಿನ ಏರಿಳಿತವಿಲ್ಲದೆ ಸಾಗುತ್ತದೆ. ಕಲಬುರಗಿಯು ಗಮ್ಯಸ್ಥಾನವೆಂದು ಆ ಮಾರ್ಗ ಬಂದುದಲ್ಲ. ಎರಡು ಬಂದರುಗಳ ನಡುವಣ ಸುಗಮವಾದ ನೆಲದ ಮೇಲೆ ಕಲಬುರಗಿ ಇದ್ದಿತು, ಅಷ್ಟೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (೧೮೬೧–೬೫) ಲ್ಯಾಂಕಶೈರಿನ ಗಿರಣಿಗಳು ಹತ್ತಿಗಾಗಿ ಹಿಂದೂಸ್ಥಾನದ ಕಡೆಗೆ ತಿರುಗಿದುದನ್ನು ನೆನೆದರೆ, ದಖ್ಖನಿನ ಹತ್ತಿಯ ನೆಲವನ್ನು ಮುಂಬಯಿಯ ಕಡಲಿಗೆ ಕಟ್ಟಿಹಾಕುವ ತ್ವರೆಯೂ ತಿಳಿಯುತ್ತದೆ.

ಎರಡನೆಯ ಮಾರ್ಗವು ನಿಜಾಮರ ಹಣದಿಂದಾಯಿತು. ಮೊದಲನೆಯ ಸಾಲಾರ್ ಜಂಗನು ದಿವಾನನಾಗಿದ್ದ ಕಾಲದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಹಳಿಯು ೧೮೭೪ರಲ್ಲಿ ಸಂಚಾರಕ್ಕೆ ತೆರೆಯಿತು. ತರುವಾಯ ೧೮೮೩ರಲ್ಲಿ, ಈ ಮಾರ್ಗವನ್ನು ವಿಲಾಯತಿಯ ಕಂಪನಿಯೊಂದಕ್ಕೆ ವಹಿಸಿ ಚಾಂದಾದ ಕಡೆಗೆ ಬೆಳೆಸುವ ಯೋಜನೆಯೂ, ಅದಕ್ಕಾಗಿ ಸಂಸ್ಥಾನವು ಕೊಡಬೇಕಾದ ಬಡ್ಡಿಯ ಖಾತರಿಯೂ ಹೈದರಾಬಾದಿನಲ್ಲಿ ಬಲವಾದ ಚರ್ಚೆಯನ್ನೆಬ್ಬಿಸಿದುವು. ಷರತ್ತುಗಳನ್ನು ಪ್ರಜೆಗಳ ಮುಂದಿಡಬೇಕೆಂದು ಕೇಳಿದವರಲ್ಲಿ ಪ್ರಮುಖರಾದ ಅಘೋರನಾಥ ಚಟ್ಟೋಪಾಧ್ಯಾಯರನ್ನು—ಕವಯಿತ್ರಿ ಸರೋಜಿನೀ ನಾಯಿಡು ಅವರ ತಂದೆ—ಸಂಸ್ಥಾನದಿಂದ ಹೊರಗೆ ಕಳುಹಿಸಲಾಯಿತು. ಹಳಿಯ ಲೆಕ್ಕವನ್ನು ಕೇಳಿದ್ದಕ್ಕೆ ಗಡಿಪಾರು! ಆ ‘ಗ್ಯಾರಂಟೀಡ್’ ಕಂಪನಿಯು ೧೯೩೦ರವರೆಗೆ ನಡೆದು, ಬಳಿಕ ನಿಜಾಮ ಸರ್ಕಾರದ ವಶಕ್ಕೆ ಬಂದಿತು. ವಿಕಾರಾಬಾದಿನಿಂದ ಬೀದರಿನ ಮೇಲೆ ಪರಳಿಗೆ ಹೋಗುವ ಶಾಖೆಯೂ ಅದರದೇ. ಹೀಗೆ ಬೀದರಿಗೆ ರೈಲು ಬಂದಿತು, ಆದರೆ ಹೈದರಾಬಾದಿನ ಕಡೆಯಿಂದ. ಕಲಬುರಗಿಯಿಂದ ರೈಲಿನಲ್ಲಿ ಬೀದರಿಗೆ ಹೋಗಬೇಕಾದವನು ವಾಡಿ, ತಾಂಡೂರು, ವಿಕಾರಾಬಾದು, ಜಹೀರಾಬಾದುಗಳನ್ನು ಸುತ್ತಿ, ನೇರವಾದ ದೂರದ ಇಮ್ಮಡಿಯಷ್ಟು ಹಾದಿಯನ್ನು ಕ್ರಮಿಸಬೇಕಾಗಿದ್ದಿತು. ಕನ್ನಡದ ಎರಡು ಜಿಲ್ಲೆಗಳ ನಡುವಣ ದಾರಿ ತೆಲುಗು ನೆಲದ ಮೇಲೆ ಹಾದುಹೋಗುತ್ತಿದ್ದಿತು.

ಈಗ ನೆಲದ ವಿಚಾರಕ್ಕೆ ಬರೋಣ. ಕಲಬುರಗಿಯ ಸುತ್ತಣ ಭೂಮಿಯನ್ನು ಅಲ್ಲಿಯ ರೈತರು ಎರೆಯೆಂದೂ ಮಸಾರಿಯೆಂದೂ ವಿಂಗಡಿಸುತ್ತಾರೆ. ಎರೆಯು ದಖ್ಖನಿನ ಅಗ್ನಿಶಿಲೆಯು ಕಾಲಕ್ರಮದಲ್ಲಿ ಕರಗಿ ಆದ ಕಪ್ಪು ಮಣ್ಣು. ಜೋಳಕ್ಕೂ ತೊಗರಿಗೂ ಹತ್ತಿಗೂ ಇದಕ್ಕಿಂತ ಒಳ್ಳೆಯ ನೆಲವಿಲ್ಲ; ರೈಲುಹಳಿಗೆ ಇದಕ್ಕಿಂತ ಕೆಟ್ಟ ನೆಲವೂ ಇಲ್ಲ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳು ಅದರಲ್ಲಿ ಹೇರಳವಾಗಿದ್ದು, ಮಳೆ ಬಿದ್ದಾಗ ನೀರನ್ನು ಪದರಗಳೊಳಕ್ಕೆ ಹೀರಿಕೊಂಡು ಉಬ್ಬುತ್ತವೆ. ಬೇಸಗೆಯಲ್ಲಿ ಅದೇ ನೆಲ ಕುಗ್ಗಿ, ಎತ್ತಿನ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಇಂತಹ ಮಣ್ಣಿನ ಏರಿಯ ಮೇಲೆ ಜಲ್ಲಿಯನ್ನು ಹರಡಿ ಹಳಿಯನ್ನಿಟ್ಟರೆ, ಮೊದಲ ಮಳೆಗಾಲದಲ್ಲಿ ಜಲ್ಲಿಯು ಮೆತ್ತಗಾದ ಮಣ್ಣಿನೊಳಕ್ಕೆ ಇಳಿಯುತ್ತದೆ. ಗಾಡಿಯೊಂದು ಹಾದುಹೋದಾಗಲೆಲ್ಲ ಅಡಿಯ ಕೆಸರು ಜಲ್ಲಿಯ ಸಂದುಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಒಂದು ಹಳಿ ಒಂದಂಗುಲ ತಗ್ಗಿ ಇನ್ನೊಂದು ತಗ್ಗದಿದ್ದರೆ ಸಾಕು, ಮೇಲೆ ಹೋಗುವ ಬಂಡಿ ತೊನೆಯುತ್ತದೆ. ಮೊದಲ ಕಾಲದ ಎಂಜಿನಿಯರರಿಗೆ ಇದಕ್ಕಿದ್ದ ಮದ್ದು ಒಂದೇ: ಮತ್ತೆ ಮತ್ತೆ ಜಲ್ಲಿ ತುಂಬುವುದು, ಗ್ಯಾಂಗಿನವರು ದಿನವೂ ಸನಿಕೆಯಿಂದ ಕುಟ್ಟಿ ಮಟ್ಟ ಮಾಡುವುದು. ಮರದ ಅಡ್ಡಪಟ್ಟಿಗಳನ್ನು ಗೆದ್ದಲು ತಿನ್ನುತ್ತಿದ್ದುದರಿಂದ, ಹಿಂದೂಸ್ಥಾನದ ಅನೇಕ ಮಾರ್ಗಗಳಲ್ಲಿ ಮಗುಚಿಟ್ಟ ಬೋಗುಣಿಯಂತಹ ಎರಕದ ಕಬ್ಬಿಣದ ಆಧಾರಗಳನ್ನು ಬಳಸಿದರು. ಮಣ್ಣಿನ ಸ್ವಭಾವವನ್ನು ಮಾತ್ರ ಯಾರೂ ಬದಲಾಯಿಸಲಿಲ್ಲ.

ಬಂಡಿ ತೊನೆಯುವುದೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸದಿದ್ದರೆ ಮುಂದಿನ ಮಾತು ಸ್ಪಷ್ಟವಾಗದು. ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚು ಸ್ಥಿರವಾಗಿದ್ದು, ಎರಡು ಗಾಲಿಗಳು ಅದರ ಮೇಲೆ ಬೇರೆಬೇರೆಯಾಗಿ ತಿರುಗುತ್ತವೆ. ರೈಲುಬಂಡಿಯಲ್ಲಿ ಎರಡು ಗಾಲಿಗಳೂ ಅಕ್ಷಕ್ಕೆ ಬಿಗಿದುಕೊಂಡು ಅದರೊಡನೆಯೇ ಸುತ್ತುತ್ತವೆ. ಹಾಗಾದರೆ ತಿರುವಿನಲ್ಲಿ ಹೊರಗಡೆಯ ಉದ್ದವಾದ ಹಳಿಯನ್ನೂ ಒಳಗಡೆಯ ಗಿಡ್ಡ ಹಳಿಯನ್ನೂ ಒಂದೇ ಸುತ್ತಿನಲ್ಲಿ ಕ್ರಮಿಸುವುದೆಂತು? ಇದಕ್ಕಾಗಿ ಗಾಲಿಯ ನೇಮಿಯನ್ನು ಸಮತಲವಾಗಿ ಮಾಡದೆ ಇಪ್ಪತ್ತಕ್ಕೆ ಒಂದರಂತೆ ಓರೆಯಾಗಿ ಕಡೆದಿರುತ್ತಾರೆ. ಅಕ್ಷವು ಎಡಕ್ಕೆ ಸರಿದರೆ ಎಡಗಾಲಿಯು ತನ್ನ ದೊಡ್ಡ ಸುತ್ತಳತೆಯ ಮೇಲೂ ಬಲಗಾಲಿಯು ಸಣ್ಣ ಸುತ್ತಳತೆಯ ಮೇಲೂ ಉರುಳುತ್ತವೆ. ಎಡಗಡೆಯು ಮುಂದಾಗಿ ಅಕ್ಷವು ತಾನಾಗಿಯೇ ಬಲಕ್ಕೆ ತಿರುಗುತ್ತದೆ. ಚಮತ್ಕಾರದ ಉಪಾಯವೇ ಸರಿ. ಆದರೆ ನೇರವಾದ ಹಳಿಯ ಮೇಲೆ ಇದೇ ಗುಣವು ದೋಷವಾಗಿ ಪರಿಣಮಿಸುತ್ತದೆ. ಎಡಕ್ಕೆ ಸರಿದುದು ನಡುವಿಗೆ ಬಂದು ನಿಲ್ಲದೆ ಬಲಕ್ಕೆ ದಾಟುತ್ತದೆ, ಅಲ್ಲಿಂದ ಮತ್ತೆ ಎಡಕ್ಕೆ. ಹೀಗೆ ಹಾವಿನಂತೆ ಬಳುಕುವ ಈ ಗತಿಯ ಸೂತ್ರವನ್ನು ೧೮೮೩ರಲ್ಲಿ ಕ್ಲಿಂಗೆಲ್ ಎಂಬ ಜರ್ಮನ್ ಎಂಜಿನಿಯರನು ಕೊಟ್ಟನು. ನಮ್ಮ ೧೬೭೬ ಮಿಲ್ಲಿಮೀಟರಿನ ಅಗಲ ಹಳಿಗೂ ೯೧೫ ಮಿಲ್ಲಿಮೀಟರು ವ್ಯಾಸದ ಗಾಲಿಗೂ ಆ ಸೂತ್ರವನ್ನು ಅನ್ವಯಿಸಿದರೆ, ಒಂದು ಬಳುಕು ಸುಮಾರು ೧೮ ಮೀಟರು ಉದ್ದವಾಗುತ್ತದೆ. ಇಂಗ್ಲೆಂಡಿನ ಕಿರಿದಾದ ಹಳಿಗೆ ಹದಿನಾರು ಚಿಲ್ಲರೆ ಮೀಟರು. ವೇಗ ಕಡಿಮೆಯಿದ್ದಾಗ ಈ ಬಳುಕು ಅಡಗಿರುತ್ತದೆ. ವೇಗವು ಒಂದು ಮಿತಿಯನ್ನು ಮೀರಿದೊಡನೆ ಅದು ಬೆಳೆದು ಬೆಳೆದು ಹಳಿಯನ್ನೇ ಪಕ್ಕಕ್ಕೆ ಒದೆಯತೊಡಗುತ್ತದೆ.

ಇದರ ಭಯಂಕರವಾದ ನಿದರ್ಶನವು ೧೯೩೭ನೆಯ ಜುಲೈ ೧೭ರಂದು ಬಿಹಾರದ ಬಿಹ್ಟಾ ಎಂಬಲ್ಲಿ ಒದಗಿತು. ಎಕ್ಸ್-ಬಿ ಎಂಬ ಜಾತಿಯ ಎಂಜಿನು ಎಳೆಯುತ್ತಿದ್ದ ಗಾಡಿಯು ಹಳಿ ತಪ್ಪಿ ನೂರಕ್ಕೂ ಹೆಚ್ಚು ಜನ ಸತ್ತರು. ಈ ಎಂಜಿನುಗಳನ್ನು ಹಿಂದಿನ ದಶಕದಲ್ಲಿ ದೇಶದ ಅಗಲ ಹಳಿಗಳಿಗೆಲ್ಲ ಒಂದೇ ಮಾದರಿಯಾಗಿರಲೆಂದು ರಚಿಸಿದ್ದರು. ಎಂಜಿನು ತಯಾರಿಸಿದವರು ಹಳಿಯ ಮೇಲೂ ಹಳಿಯನ್ನು ಕಾಯುವವರು ಎಂಜಿನಿನ ಮೇಲೂ ತಪ್ಪು ಹೊರಿಸುವುದು ಇಂತಹ ಸಂದರ್ಭಗಳಲ್ಲಿ ವಾಡಿಕೆ. ಅದರ ಬೆನ್ನಿಗೆ, ಸರ್ ಆಲನ್ ಮೌಂಟ್ ಅವರ ಅಧ್ಯಕ್ಷತೆಯಲ್ಲಿ, ವಿಲಿಯಂ ಸ್ಟ್ಯಾನಿಯರ್ ಮೊದಲಾದ ಪರಿಣತರನ್ನೊಳಗೊಂಡು ಏರ್ಪಟ್ಟ ಪೆಸಿಫಿಕ್ ಎಂಜಿನುಗಳ ಸಮಿತಿಯು ೧೯೩೮–೩೯ರಲ್ಲಿ ವಿಷಯವನ್ನು ಶೋಧಿಸಿ, ಎಂಜಿನಿನ ಬಳುಕು ಹಳಿಯನ್ನು ಸೊಟ್ಟಗೆ ಮಾಡಿದುದನ್ನು ತೋರಿಸಿತು. ಬಂಡಿಯನ್ನು ಬೇರೆಯಾಗಿಯೂ ಹಳಿಯನ್ನು ಬೇರೆಯಾಗಿಯೂ ಪರೀಕ್ಷಿಸಿದರೆ ಎರಡೂ ನಿರ್ದೋಷವೆಂದು ತೋರಬಹುದು. ದೋಷವಿರುವುದು ಅವುಗಳ ಸಂಯೋಗದಲ್ಲಿ. ಶಬ್ದಾರ್ಥಗಳ ಸಂಬಂಧವನ್ನು ವಿಚಾರಿಸುವ ನಮ್ಮ ಶಾಸ್ತ್ರಕಾರರಿಗೆ ಈ ನ್ಯಾಯವು ಅಪರಿಚಿತವೇನಲ್ಲ. ಹಿಂದೂಸ್ಥಾನದಲ್ಲಿ ಬಂಡಿ–ಹಳಿಗಳನ್ನು ಒಂದೇ ವಸ್ತುವೆಂದೆಣಿಸಿ ಸಂಶೋಧನೆ ನಡೆಸುವ ಪದ್ಧತಿಗೆ ಈ ದುರಂತವು ಬಲವಾದ ಕಾರಣವಾಯಿತೆಂದು ಹೇಳಬೇಕು. ೧೯೩೦ರಲ್ಲಿ ಹುಟ್ಟಿದ್ದ ಕೇಂದ್ರ ಮಾನಕ ಕಚೇರಿಯನ್ನೂ ೧೯೫೨ರಲ್ಲಿ ಲಖನೌದಲ್ಲಿ ತೆರೆದ ರೈಲ್ವೆ ಪರೀಕ್ಷಾ ಮತ್ತು ಸಂಶೋಧನ ಕೇಂದ್ರವನ್ನೂ ಕೂಡಿಸಿ, ೧೯೫೭ರಲ್ಲಿ ಲಖನೌದಲ್ಲಿ ಈಗಿರುವ ಸಂಶೋಧನ, ವಿನ್ಯಾಸ ಮತ್ತು ಮಾನಕ ಸಂಸ್ಥೆಯನ್ನು ರಚಿಸಲಾಯಿತು. ಆ ಸಂಸ್ಥೆಯ ಪ್ರಯೋಗಗಳ ಬಲದಿಂದಲೇ ೧೯೬೯ರಲ್ಲಿ ಹೌರಾದಿಂದ ದಿಲ್ಲಿಗೆ ಗಂಟೆಗೆ ೧೨೦ ಕಿಲೋಮೀಟರು ವೇಗದ ರಾಜಧಾನಿ ಗಾಡಿ ಹೊರಟಿತು.

ಎರೆಯ ನೆಲಕ್ಕೂ ಅದೇ ಸಂಶೋಧನೆಯಿಂದ ಮದ್ದು ದೊರೆಯಿತು. ಮಣ್ಣಿನ ಏರಿಗೂ ಜಲ್ಲಿಗೂ ನಡುವೆ, ದಪ್ಪ ಸಣ್ಣ ಕಣಗಳನ್ನು ಅಳತೆಯಂತೆ ಬೆರೆಸಿದ ಮರಳಿನಂತಹ ದ್ರವ್ಯದ ಪದರವೊಂದನ್ನು ಹಾಸುವುದು ಈಗಿನ ವಿಧಿ. ಎಂಜಿನಿಯರರು ಇದನ್ನು ‘ಕಂಬಳಿ’ ಎಂದೇ ಕರೆಯುತ್ತಾರೆ. ಕಂಬಳಿಯ ನಾಡಿಗೆ ಒಪ್ಪುವ ಹೆಸರು. ಅದು ಮೇಲಿನ ಭಾರವನ್ನು ಹರಡಿ ಎರೆಗೆ ತಲುಪುವ ಒತ್ತಡವನ್ನು ತಗ್ಗಿಸುತ್ತದೆ, ಕೆಸರನ್ನು ಮೇಲೇಳಗೊಡುವುದಿಲ್ಲ. ಹಳೆಯ ಏರಿಗಳಲ್ಲಿ ಸುಣ್ಣದ ತಿಳಿಯನ್ನು ಒತ್ತಡದಿಂದ ಒಳಕ್ಕೆ ತುಂಬಿ ಜೇಡಿಯ ಉಬ್ಬುವ ಗುಣವನ್ನು ಕುಗ್ಗಿಸುವ ಕ್ರಮವೂ ಉಂಟು. ಮರದ ಪಟ್ಟಿಗಳ ಎಡೆಯಲ್ಲಿ ಬಿಗಿದ ಕಾಂಕ್ರೀಟಿನ ಪಟ್ಟಿಗಳೂ, ಸಂದುಗಳಿಲ್ಲದಂತೆ ಬೆಸೆದ ಉದ್ದವಾದ ಹಳಿಗಳೂ ಬಂದುವು. ಶಹಾಬಾದಿನ ಸುಣ್ಣಕಲ್ಲನ್ನು ಸಿಮೆಂಟಾಗಿ ಸುಡುವ ಕೈಗಾರಿಕೆ ಆ ಹಳೆಯ ಮಾರ್ಗದ ಬದಿಯಲ್ಲಿಯೇ ಬೆಳೆದುದನ್ನು ನೆನೆದರೆ, ಕಲಬುರಗಿಯ ಸೀಮೆಯು ರೋಗವನ್ನೂ ಔಷಧವನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡಿದ್ದಿತೆನ್ನಬಹುದು.

ಇಷ್ಟನ್ನು ತಿಳಿದ ಮೇಲೆ ಕಮಲಾಪುರದ ಮಾರ್ಗವನ್ನು ಪರಿಶೀಲಿಸಬಹುದು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಈಶಾನ್ಯಕ್ಕಿರುವ ಕಮಲಾಪುರವು ತನ್ನ ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಈಚೆಗೆ ತಾಲ್ಲೂಕಿನ ಕೇಂದ್ರವಾಗಿದೆ. ಕಲಬುರಗಿಯ ಎರೆಯ ಬಯಲು ಸಮುದ್ರಮಟ್ಟದಿಂದ ಸುಮಾರು ೪೫೦ ಮೀಟರು ಎತ್ತರದಲ್ಲಿದೆ. ಜಂಬಿಟ್ಟಿಗೆಯ ಟೋಪಿಯನ್ನು ಧರಿಸಿದ ಬೀದರಿನ ಪ್ರಸ್ಥಭೂಮಿ ೬೦೦ ಮೀಟರಿಗೂ ಮೇಲೆ. ಕಮಲಾಪುರದ ಸೀಮೆಯು ಈ ಎರಡರ ಸಂಧಿಯಲ್ಲಿದೆ. ಒಟ್ಟು ಎತ್ತರವನ್ನು ೧೧೦ ಕಿಲೋಮೀಟರಿಗೆ ಹಂಚಿದರೆ ಏರು ಲೆಕ್ಕಕ್ಕೇ ಬಾರದು. ಆದರೆ ನೆಲವು ಹಾಗೆ ಹಂಚಿಕೊಂಡಿಲ್ಲ. ಸಮತಟ್ಟಾದ ಹಳಿಯ ಮೇಲೆ ಮೆಲ್ಲನೆ ಸಾಗುವ ಒಂದು ಟನ್ ಭಾರಕ್ಕೆ ಎರಡು ಮೂರು ಕಿಲೋಗ್ರಾಂ ಸೆಳೆತ ಸಾಕು. ನೂರಕ್ಕೆ ಒಂದರಂತೆ ಏರಿದರೆ ಅದರ ಮೇಲೆ ಇನ್ನೂ ಹತ್ತು ಕಿಲೋಗ್ರಾಂ ಬೇಕು. ಭೋರ್ ಘಾಟದಲ್ಲಿ ಇಪ್ಪತ್ತೇಳು ಬೇಕಾಗಿದ್ದಿತು. ಎತ್ತು ಸುಲಭವಾಗಿ ಹತ್ತುವ ದಿಣ್ಣೆಯನ್ನು ರೈಲು ಹತ್ತಲಾರದು. ಆದುದರಿಂದ ಹೆದ್ದಾರಿಯು ದಿಣ್ಣೆಯ ಮೇಲೇರಿ ಹೋಗುವೆಡೆಯಲ್ಲಿ ಹಳಿಯು ಅದರೊಳಗೆ ತೂರಬೇಕಾಯಿತು. ಹೀಗೆ ಮರಗುತ್ತಿಯ ಬಳಿ ಕೊರೆದ ಸುರಂಗವು ಒಂದೂವರೆ ಕಿಲೋಮೀಟರಿಗೂ ಮೀರಿ ಉದ್ದವಾಗಿದೆ.

೧೯೯೦ರ ದಶಕದ ಉತ್ತರಾರ್ಧದಲ್ಲಿ ಮಂಜೂರಾದ ಈ ಮಾರ್ಗವು ಬೀದರಿನ ಕಡೆಯಿಂದ ತುಂಡುತುಂಡಾಗಿ ಹುಮನಾಬಾದಿಗೆ ಬಂದು, ಅಲ್ಲಿಂದ ಕಮಲಾಪುರದ ದಿಣ್ಣೆಯನ್ನು ತೂರಿ ಕಲಬುರಗಿಗಿಳಿಯಲು ಎರಡು ದಶಕಗಳನ್ನು ತೆಗೆದುಕೊಂಡಿತು. ಅದರ ವೆಚ್ಚ ೧೫೪೨ ಕೋಟಿ ರೂಪಾಯಿಗಳೆಂದು ಕೇಂದ್ರ ಸರ್ಕಾರವು ಪ್ರಕಟಿಸಿದೆ. ಅದರಲ್ಲಿ ರಾಜ್ಯ ಸರ್ಕಾರವೂ ಪಾಲನ್ನು ಹೊತ್ತಿತು. ೨೦೧೭ನೆಯ ಅಕ್ಟೋಬರ್ ೨೯ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಬೀದರಿನಲ್ಲಿ ಇದನ್ನು ಉದ್ಘಾಟಿಸಿದರು.

ಈಗ ಮೊದಲಿನ ಪ್ರಶ್ನೆಗೆ ಹಿಂತಿರುಗಿದರೆ, ನೆಲದ ಕಾಠಿಣ್ಯವೆಂಬ ಸಮಾಧಾನವು ನಿಲ್ಲುವುದಿಲ್ಲ. ಕಮಲಾಪುರದ ಒಂದು ಸುರಂಗವನ್ನು ಭೋರ್ ಘಾಟದ ಇಪ್ಪತ್ತೈದರೊಡನೆ ತೂಗಿ ನೋಡಬೇಕು. ಅವುಗಳನ್ನು ಉಗಿಯ ಕಾಲದ ಜನ ಕೈಯುಳಿಯಿಂದಲೂ ಸಿಡಿಮದ್ದಿನಿಂದಲೂ ಏಳು ವರ್ಷಗಳಲ್ಲಿ ಮುಗಿಸಿದರು. ಎರೆಯ ಮಣ್ಣೂ ಅಡ್ಡಿಯಾಗಲಿಲ್ಲ, ಏಕೆಂದರೆ ಅದೇ ಎರೆಯ ಮೇಲೆ ೧೮೭೧ರ ಮಾರ್ಗವು ನೂರಾರು ಕಿಲೋಮೀಟರು ಹಾದುಹೋಗಿದೆ. ನಿಜವಾದ ಕಾರಣ ಬೇರೆ. ಮುಂಬಯಿಯ ಕಂಪನಿಗೆ ಬಂದರಿನ ಕಡೆಗೆ ಹೋಗದ ಹಳಿ ಬೇಕಿರಲಿಲ್ಲ. ನಿಜಾಮರ ಕಂಪನಿಗೆ ಹೈದರಾಬಾದಿನ ಕಡೆಗೆ ಬಾರದ ಹಳಿ ಬೇಕಿರಲಿಲ್ಲ. ಕಲಬುರಗಿಯಿಂದ ಕಮಲಾಪುರದ ಮೇಲೆ ಬೀದರಿಗೆ ಹೋಗುವವನು ಇವೆರಡರ ಲೆಕ್ಕದ ಪುಸ್ತಕದಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ೧೯೫೬ರಲ್ಲಿ ಎರಡು ಜಿಲ್ಲೆಗಳೂ ಒಂದೇ ಕನ್ನಡ ರಾಜ್ಯಕ್ಕೆ ಸೇರಿದ ಮೇಲೆಯೂ ಹಳೆಯ ಕಂಪನಿಗಳ ಗೆರೆಗಳು ಬದಲಾಗದೆ ಉಳಿದುದು ಹೆಚ್ಚು ಶೋಚನೀಯ. ಕಂಪನಿಗಳಿಗೆ ಲಾಭದ ನೆಪವಾದರೂ ಇದ್ದಿತು.

ಪ್ರಸಂಗವಶಾತ್ ಒಂದು ಶಬ್ದದ ವಿಚಾರವನ್ನು ಸೂಚಿಸಬಹುದು. ಕನ್ನಡದ ಮಾತಿನಲ್ಲಿ ‘ಬೋಗಿ’ ಎಂದರೆ ಪ್ರಯಾಣಿಕರು ಕುಳಿತುಕೊಳ್ಳುವ ಇಡೀ ಡಬ್ಬಿ. ಎಂಜಿನಿಯರರ ಶಾಸ್ತ್ರದಲ್ಲಾದರೋ ಡಬ್ಬಿಯ ಅಡಿಯಲ್ಲಿ ನಾಲ್ಕು ಗಾಲಿಗಳನ್ನೂ ಎರಡು ಅಕ್ಷಗಳನ್ನೂ ಸುರುಳಿಗಳನ್ನೂ ಹಿಡಿದುಕೊಂಡಿರುವ ಚೌಕಟ್ಟಿಗೆ ಮಾತ್ರ ಆ ಹೆಸರು; ಒಂದು ಡಬ್ಬಿಗೆ ಇಂತಹ ಎರಡಿರುತ್ತವೆ. ಬಳುಕನ್ನು ಹಿಡಿದಿಡುವ ಕೆಲಸವೆಲ್ಲ ಈ ಚೌಕಟ್ಟಿನದು. ಅಂಗದ ಹೆಸರು ಅಂಗಿಗೆ ಸಂದ ಈ ಲಕ್ಷಣೆಗೆ ಅಲಂಕಾರಶಾಸ್ತ್ರವನ್ನು ಕಲಿಸುವ ಅಧ್ಯಾಪಕರು ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ‘ಹಳಿ ತಪ್ಪಿತು’ ಎಂಬ ನುಡಿಗಟ್ಟಂತೂ ರೈಲನ್ನು ಬಿಟ್ಟು ಮನುಷ್ಯರ ನಡತೆಗೇ ಹೊಂದಿಕೊಂಡುಬಿಟ್ಟಿದೆ. ನಿಜವಾದ ಅರ್ಥದ ಆ ಬೋಗಿಯ ಚೌಕಟ್ಟುಗಳನ್ನು ತಯಾರಿಸುವ ಕಾರ್ಖಾನೆಯೊಂದು ಈಗಿನ ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ, ೧೮೭೧ರ ಅದೇ ಮಾರ್ಗದ ಸೀಮೆಯಲ್ಲಿ, ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಲ್ಲಿ ಸ್ಥಾಪಿತವಾಗಿದೆ. ೨೦೨೪ನೆಯ ಮಾರ್ಚಿನಿಂದ ಕಲಬುರಗಿಗೂ ಬೆಂಗಳೂರಿಗೂ ನಡುವೆ ಸಂಚರಿಸುವ ವಂದೇ ಭಾರತ ಗಾಡಿಯಲ್ಲಿ ಪ್ರತ್ಯೇಕವಾದ ಎಂಜಿನೇ ಇಲ್ಲ. ಸೆಳೆಯುವ ಮೋಟಾರುಗಳನ್ನು ಡಬ್ಬಿಗಳ ಕೆಳಗಣ ಬೋಗಿಗಳಿಗೇ ಹಂಚಿದ್ದಾರೆ.

ಗುಲ್ಬರ್ಗವೆಂಬ ಹೆಸರು ಸರ್ಕಾರದ ಕಾಗದಗಳಲ್ಲಿ ಕಲಬುರಗಿಯಾದುದು ೨೦೧೪ನೆಯ ನವೆಂಬರಿನಲ್ಲಿ. ಅದೇ ವರ್ಷದ ಆರಂಭದಲ್ಲಿ, ಈ ಸೀಮೆಯವರೇ ಆದ ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಮಂತ್ರಿಗಳಾಗಿದ್ದಾಗ, ಇಲ್ಲಿಯೇ ಒಂದು ರೈಲ್ವೆ ವಿಭಾಗವನ್ನು ಸ್ಥಾಪಿಸಲು ಶಂಕುಸ್ಥಾಪನೆಯಾಯಿತು. ಹತ್ತು ವರ್ಷಗಳು ಕಳೆದ ಮೇಲೆಯೂ ಆ ಶಿಲೆಯ ಮೇಲೆ ಕಚೇರಿಯೆದ್ದಿರಲಿಲ್ಲ. ಕಲಬುರಗಿಯ ನಿಲ್ದಾಣವು ಮುಂಬಯಿಯ ಕಂಪನಿಯ ಉತ್ತರಾಧಿಕಾರಿಯಾದ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ. ಕಮಲಾಪುರದ ನಿಲ್ದಾಣವು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದು ವಿಭಾಗದಲ್ಲಿದೆ. ಬೀದರಿನಿಂದ ಸುರಂಗವನ್ನು ದಾಟಿ ಬರುವ ಗಾಡಿಯು ಕಲಬುರಗಿಯನ್ನು ಸೇರುವಲ್ಲಿ, ಹಳೆಯ ಎರಡು ಕಂಪನಿಗಳ ಗಡಿಯನ್ನು ಇಂದಿಗೂ ದಾಟುತ್ತದೆ.